ಹಳೇ ಪ್ರಿಂಟಿನಾಗ ಇಲ್ಲದ ಚುಕ್ಕಿ

ಆಳಂದ
12 ನವೆಂಬರ್ 1988

ವಾಮನಭಾಯಿ ಅವರಿಗೆ ಖುರ್ಷಿದಬೇಗಂಳ ಸಲಾಮು.

ಕವರಿನ ಮ್ಯಾಲ ಆಳಂದದ ಶಿಕ್ಕಾ ನೋಡಿ ಒಡೀದೇ ಇಟ್ಟುಬಿಡ್ತೀರೇನೋ ಅನ್ನೋ ಅಂಜಿಕಿಯೊಳಗೇ ಬರಿಯಾಕತ್ತೇನಿ. ನಿಮ್ಮ ವಿಳಾಸ ಕೊಟ್ಟಾಕಿ ನಮ್ಮ ಓಣಿಯ ಗಂಗಾಬಾಯಿ. ಮೊಮ್ಮಗಳ ಫೋಟೋ ತೆಗೆಸಾಕ ಸ್ಟುಡಿಯೋಕ್ಕ ಬಂದಿದ್ದಳು. "ಅಂದೋಲಾದ ಮಠಕ್ಕ ಹೋಗಿದ್ದೆ, ಅಲ್ಲಿ ಸಾಲ್ಯಾಗ ನಿಮ್ಮ ಹಳೇ ವಾಮನ ಮಾಸ್ತರು ಅದಾರ" ಅಂದಳು. ಅತನೂರ ಬಿಟ್ಟು ಜೇವರ್ಗಿ ಕಡೆ ಹೋದ್ರಿ ಅನ್ನೋದಷ್ಟೇ ನಮಗ ಗೊತ್ತಿತ್ತು.

ಮಗಳು ಮುಮತಾಜಳ ಅಬ್ಬಾ ತೀರಿಕೊಂಡು ಬರೋ ಜನವರಿಗೆ ನಾಕು ವರ್ಷ. ಎದಿ ನೋಯ್ತದ ಅಂದ್ರು, ಜೀಪು ಕಲಬುರ್ಗಿ ಮುಟ್ಟೋದ್ರೊಳಗ ಮುಗೀತು. ಮುಮತಾಜ ಈಗ ಬೀದರದಾಗ ನರ್ಸು. ಸ್ಟುಡಿಯೋ ನಾನೇ ನಡಸಾಕತ್ತೇನಿ. ಆದರ ಈಗ ಎಲ್ಲಾರಿಗೂ ಕಲರ್ ಬೇಕು. ರೋಲು ಸೋಲಾಪುರಕ್ಕ ಹೋಗಿ ತೊಳಿಸಿಕೊಂಡು ಬರ್ತದ. ಡಾರ್ಕ್ ರೂಮು ಖಾಲಿ ಮಾಡು, ಅಲ್ಲಿ ಝೆರಾಕ್ಸ್ ಮಶೀನು ಇಡೋಣು ಅಂತ ಮುಮತಾಜ ಹಟ ಹಿಡದಾಳ. ಹಂಗಂತ ಸಾಮಾನು ತೆಗೀವಾಗ ಅಟ್ಟದ ಮ್ಯಾಲ ಒಂದು ಬಿಸ್ಕೀಟಿನ ಡಬ್ಬಿ ಸಿಕ್ತು.

ಡಬ್ಬಿ ತುಂಬ ನಿಮ್ಮ ಆಕಾಶ. ಮೂವತ್ತೊಂದು ಕವರು, ಒಂದೊಂದರಾಗ ನೆಗೆಟಿವಿನ ತುಂಡು. ಎರಡು ಹಲಗಿಗೆ ಬಾಗಿಲದ ಬಿಜಾಗರಿ ಬಡದು, ನಡುವ ಬೋಲ್ಟು ಹಾಕಿ, ಮ್ಯಾಲ ಕ್ಯಾಮೆರಾ ಕೂಡಿಸಿ ನೀವಿಬ್ಬರೂ ಅತನೂರಿನ ತೊಗರಿ ಹೊಲಕ್ಕ ಹೋಗ್ತಿದ್ರಲ್ಲ, ಅವು. ಒಬ್ಬರು ಗಡಿಯಾರ ನೋಡಿ ಹೇಳೋದು, ಇನ್ನೊಬ್ಬರು ಮಿನಿಟಿಗೊಂದು ಸುತ್ತು ಬೋಲ್ಟು ತಿರುವೋದು. ಚುಕ್ಕಿ ಸರಿದಂಗ ಕ್ಯಾಮೆರಾನೂ ಸರೀಬೇಕು ಅಂತ ಇವರು ನನಗ ತಿಳಿಸಿ ಹೇಳ್ತಿದ್ರು.

ನೆಗೆಟಿವಿಗೆ ಬೂಷ್ಟು ಹತ್ಯದ. ಜೇಡದ ಕಾಲಿನಂಗ ಹಬ್ಬ್ಯದ. ಹಂಗೇ ಬಿಟ್ಟರ ಎರಡು ಮಳಿಗಾಲಕ್ಕ ಏನೂ ಉಳಿಯೂದಿಲ್ಲ. ಬ್ಯಾಟರಿಗೆ ಹಾಕೋ ನೀರು ತರಿಸಿ, ಒಂದೊಂದೇ ತೊಳೆದು ನೆರಳಾಗ ಆರಿಸಾಕತ್ತೇನಿ. ತೊಳೆದದ್ದಕ್ಕ ಹೊಸ ಪ್ರಿಂಟು ತೆಗೀತೇನಿ. ಹಿಂದ ಸಾಫ್ಟ್ ಪೇಪರಿನ ಮ್ಯಾಲ ತೆಗೀತಿದ್ದಿವಿ, ಆಕಾಶ ಬೂದಿ ಬಣ್ಣ ಬರ್ತಿತ್ತು. ಈಗ ಕಪ್ಪು ಬಿಳುಪು ಎದ್ದು ಕಾಣಿಸೋ ಹಾರ್ಡ್ ಪೇಪರ ಹಾಕಿ ನೋಡಿದೆ. ಒಂದು ದೊಡ್ಡ ಚುಕ್ಕಿ ಬಾಜೂಕ ಬಿಳೀ ಮಂಜಿನಂಗ ಏನೋ ಕಾಣಾಕತ್ತದ. ಹಳೇ ಪ್ರಿಂಟಿನಾಗ ಅದು ಇಲ್ಲೇ ಇಲ್ಲ. ಅದು ಬೂಷ್ಟಿನ ಕಲಿಯೋ, ಆಕಾಶದಾಗ ಇದ್ದದ್ದೋ ನನಗ ತಿಳೀವಲ್ದು. ಕವರಿನ ಮ್ಯಾಲ ಬರೆದ ಅಂಕಿನೂ ತಿಳೀವಲ್ದು.

ಇದನ್ನ ಹೇಳಬಲ್ಲವರು ಇಬ್ಬರೇ ಇದ್ರು. ಈಗ ನೀವೊಬ್ಬರು.

ಇಂತಿ,
ಖುರ್ಷಿದಬೇಗಂ ಮುರ್ತುಜಾ


ಅಂದೋಲಾ, ತಾ. ಜೇವರ್ಗಿ
9 ಡಿಸೆಂಬರ್ 1988

ಶ್ರೀಮತಿ ಖುರ್ಷಿದಬೇಗಂ ಅವರಿಗೆ,

ನಿಮ್ಮ ಪತ್ರ ತಲುಪಿತು. ಮುರ್ತುಜಾ ತೀರಿಕೊಂಡ ಸುದ್ದಿ ಆಗಲೇ ತಿಳಿದಿತ್ತು. ಬರಲು ಆಗಲಿಲ್ಲ.

ಆ ಕೆಲಸವನ್ನು ನಾನು ಬಿಟ್ಟು ಬಹಳ ವರ್ಷಗಳಾದವು. ಮುಂದಿನ ಮೇ ತಿಂಗಳಿಗೆ ನಿವೃತ್ತಿ. ಆಕಾಶದ ಫೋಟೋಗಳ ಬಗ್ಗೆ ನನಗೆ ಈಗ ಆಸಕ್ತಿ ಉಳಿದಿಲ್ಲ. ನೆಗೆಟಿವ್‌ಗಳು ನಿಮ್ಮ ಮನೆಯವು. ಏನು ಮಾಡಬೇಕೆನ್ನುವುದು ನಿಮಗೆ ಬಿಟ್ಟದ್ದು.

ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತೇನೆ. ಕವರಿನ ಮೇಲಿನ ಮೊದಲ ಅಂಕಿ ಶುರು ಮಾಡಿದ ಹೊತ್ತು, ಎರಡನೆಯದು ಎಷ್ಟು ನಿಮಿಷ ಎಂಬುದು. ನೀವು ಹೇಳುವ ದೊಡ್ಡ ಚುಕ್ಕಿ ಹಂಸ ನಕ್ಷತ್ರಪುಂಜದ ಬಾಲದ್ದಾಗಿದ್ದರೆ ಆ ಮಂಜು ಕಲೆಯಲ್ಲ. ಅದು ನಿಜವಾಗಿ ಅಲ್ಲಿದೆ. ಬರಿಗಣ್ಣಿಗೆ ಕಾಣುವುದಿಲ್ಲ. ನಮ್ಮ ಫಿಲ್ಮಿಗೆ ಅದು ಸಿಕ್ಕಿತ್ತೆಂದು ನನಗೂ ಗೊತ್ತಿರಲಿಲ್ಲ.

ಒರೆಸಬೇಡಿರಿ.

ವಾಮನ


ಆಳಂದ
20 ಜನವರಿ 1989

ವಾಮನಭಾಯಿ,

ನಿಮ್ಮ ಪತ್ರ ಸಣ್ಣದಿತ್ತು, ಆದರ ಅದರಾಗಿನ ಕಡೀ ಮಾತು ನನಗ ಬೇಕಾಗಿತ್ತು. ಒರಸಿಲ್ಲ.

ಆಸಕ್ತಿ ಇಲ್ಲ ಅಂತ ಬರೆದೀರಿ. ಇರಲಿ. ನಾನು ಏನು ಮಾಡಾಕತ್ತೇನಿ ಅಂತ ಹೇಳ್ತೇನಿ, ಓದೋದು ಬಿಡೋದು ನಿಮ್ಮ ಮರ್ಜಿ. ಪ್ರಿಂಟಿಂಗ್ ಪ್ರೆಸ್ಸಿನ ಬೀರಲಿಂಗಪ್ಪನವರ ಹತ್ತರ ಬ್ಲಾಕ್ ಮಾಡೋ ಫಿಲ್ಮು ಇರ್ತದ. ಅದು ಕಪ್ಪು ಅಂದರ ಕಪ್ಪು, ಬಿಳುಪು ಅಂದರ ಬಿಳುಪು, ನಡುವಿಂದು ಹಿಡಿಯೂದಿಲ್ಲ. ಡೆವಲಪರಿಗೆ ನೀರು ಹೆಚ್ಚಿಗಿ ಬೆರಸಿ ಅದರ ಸೊಕ್ಕು ಇಳಿಸಿದೆ. ನಿಮ್ಮ ಹಳೇ ನೆಗೆಟಿವಿನ ಕಾಪಿ ಅದರ ಮ್ಯಾಲ ತೆಗೆದೆ. ಹಂಗ ಒಂದೇ ಜಾಗಾದ ಎರಡು ನೆಗೆಟಿವಿಂದು ಎರಡು ಕಾಪಿ ಮಾಡಿ, ಒಂದರ ಮ್ಯಾಲ ಒಂದು ಇಟ್ಟು, ಚುಕ್ಕಿಗೆ ಚುಕ್ಕಿ ಕೂಡಿಸಿ ಪ್ರಿಂಟು ತೆಗೆದರ ಫಿಲ್ಮಿನ ಉಸುಕು ಉಸುಕು ಮಾಯ ಆಗ್ತದ, ಮಂಜು ಎದ್ದು ಬರ್ತದ. ಆರು ಸಲ ಕೆಡಿಸಿದೆ. ಏಳನೇದು ಟ್ರೇದಾಗ ಬಂದಾಗ ಕೈ ತೊಳೀಲಾರದೆ ಹಂಗೇ ನಿಂತಿದ್ದೆ. ಮದಿವಿ ಫೋಟೋ, ಪಾಸ್‌ಪೋರ್ಟ್ ಫೋಟೋ ಅಂತ ಇಪ್ಪತ್ತು ವರ್ಷ ಕೈ, ಚಿತ್ರ ಅಳಿಯದಂಗ ಹಿಡಿಯೋ ಹೈಪೋ ನೀರಿನಾಗ ಅದ್ದೇನಿ. ಹಿಂಗ ನಾನು ಒಮ್ಮಿಯೂ ನಿಂತಿಲ್ಲ.

ಈಗ ಒಂದು ಕೇಳ್ತೇನಿ. ಸಿಟ್ಟಾಗಬ್ಯಾಡ್ರಿ.

ನೀವು ಕಡೀಕ ಬರೆದ ಕಾರ್ಡು ನಾನು ಓದೇನಿ. ಸೆಪ್ಟೆಂಬರ್ ಎಪ್ಪತ್ತೈದು. "ನೀನು ನನಗ ಮಾಡಿದ್ದು ಗೊತ್ತಾಗ್ಯದ. ಇನ್ನ ಮುಖ ತೋರಿಸಬ್ಯಾಡ." ಅಷ್ಟೇ ಇತ್ತು. ಇವರು ಅದನ್ನ ತಿರುವಿ ಮುರುವಿ ಓದಿದ್ರು. ನಾನು ಏನು ಮಾಡೇನಿ ಖುರ್ಷಿದ, ಅಂತ ನನ್ನೇ ಕೇಳಿದ್ರು. ಎರಡು ಸಲ ಅತನೂರಿಗೆ ಹೋಗಿ ಬಂದ್ರು. ಮೊದಲನೇ ಸಲ ನೀವು ಒಳಗ ಇದ್ದು ಇಲ್ಲ ಅಂತ ಹೇಳಿಸಿದ್ರಿ. ಎರಡನೇ ಸಲ ಹೋಗೋದ್ರೊಳಗ ವರ್ಗಾ ಆಗಿತ್ತು. ಆಮ್ಯಾಲ ಆ ಹಲಗಿ ಒಲಿಗೆ ಹಾಕಂದ್ರು. ಡಬ್ಬಿ ಮಾತ್ರ ಅಟ್ಟಕ್ಕ ಏರಿಸಿದ್ರು. ಸಾಯೋತನ ನಿಮ್ಮ ಮ್ಯಾಲ ಒಂದು ಕೆಟ್ಟ ಮಾತು ಆಡಿದವರಲ್ಲ.

ಅವರು ಏನು ಮಾಡಿದ್ರು, ವಾಮನಭಾಯಿ? ಅವರಂತೂ ಹೋದ್ರು. ನನಗಾರ ಹೇಳ್ರಿ.

ಖುರ್ಷಿದ


ಅಂದೋಲಾ
26 ಫೆಬ್ರವರಿ 1989

ಖುರ್ಷಿದ ಭಾಭಿ ಅವರಿಗೆ,

ಹೇಳಬಾರದು ಅಂತ ಇದ್ದೆ. ನೀವು ಕೇಳಿದ ಮೇಲೆ ಹೇಳದೆ ಇರೋದೂ ಸರಿ ಅನಿಸೋದಿಲ್ಲ.

1975ರ ಆಗಸ್ಟ್ 29. ನಾಕು ದಿನ ಹಿಡಿದ ಮಳೆ ಅವತ್ತು ಬಿಟ್ಟಿತ್ತು. ರಾತ್ರಿ ಒಂಬತ್ತರ ಸುಮಾರಿಗೆ ಹೊಲದಾಗ ನಿಂತು ಮೇಲೆ ನೋಡಿದೆ. ಹಂಸದ ಬಾಲದ ಚುಕ್ಕಿಯಿಂದ ಮೂರು ಬೆರಳಿನಷ್ಟು ದೂರದಾಗ ಒಂದು ಹೊಸ ಚುಕ್ಕಿ. ಆ ಜಾಗ ನನಗೆ ನನ್ನ ಅಂಗೈ ಇದ್ದಂಗ, ಅಲ್ಲಿ ಅಂಥಾದ್ದು ಯಾವುದೂ ಇಲ್ಲ. ಮುರ್ತುಜಾನ ಭುಜ ಹಿಡಿದು ತೋರಿಸಿದೆ. ಅವನೂ ನೋಡಿದ. ಅವ ಬೋಲ್ಟು ತಿರುವಿದ, ನಾನು ಗಡಿಯಾರ ಹಿಡಿದೆ. ಹನ್ನೆರಡು ನಿಮಿಷ ಶಟರ್ ತೆರೆದಿಟ್ಟು ಫೋಟೋ ತೆಗೆದೆವು.

ಒಂದು ವಾರಕ್ಕೆ ಪೇಪರಿನಾಗ ಬಂತು. ಜಗತ್ತಿನ ನಾಕೂ ದಿಕ್ಕಿನಾಗ ಜನ ಅದನ್ನ ಕಂಡಿದ್ದರು. ನಾನೂ ಕಂಡೇನಿ, ಫೋಟೋ ಅದ ಅಂತ ಸಾಲಿಯಾಗ ಹೇಳಿದೆ. ಪೇಪರ ಓದಿದ ಮೇಲೆ ಎಲ್ಲಾರಿಗೂ ಕಾಣಿಸ್ತದ ಬಿಡ್ರಿ ಮಾಸ್ತರ ಅಂತ ನಕ್ಕರು. ಅದೇ ಹೊತ್ತಿಗೆ ಜೇವರ್ಗಿಯಲ್ಲಿ ಮಾಸ್ತರರ ವಿಜ್ಞಾನ ಪ್ರದರ್ಶನ ಇತ್ತು. ನಿಮ್ಮ ಸ್ಟುಡಿಯೋದ ಲಕೋಟೆ ಬಸ್ಸಿನವನ ಕೈಯಾಗ ಬಂದಿತ್ತು, ಮುದ್ರೆ ಸಹಿತ. ಅಲ್ಲೇ, ಎಲ್ಲಾರ ಎದುರಿಗೆ ಒಡೆಯಬೇಕು ಅಂತ ನಾನು ಒಡೆದಿರಲಿಲ್ಲ.

ಒಡೆದೆ. ಹಂಸ ಇತ್ತು, ಬಾಲ ಇತ್ತು. ಹೊಸ ಚುಕ್ಕಿ ಇರಲಿಲ್ಲ.

ನೂರು ಜನ ಮಾಸ್ತರರು ಭಾಭಿ. ಒಬ್ಬ ಎದ್ದು ನಿಂತು, ಚುಕ್ಕಿ ಮನಿಯಾಗ ಮರತು ಬಂದೀರೇನ್ರಿ ಅಂದ. ಅತನೂರಿನ ಹುಡುಗರ ತನಕ ಅದು ಮುಟ್ಟಿತು. ಅದಕ್ಕೇ ವರ್ಗಾ ಕೇಳಿಕೊಂಡೆ. ಸಿಕ್ಕದ್ದು ಇದೇ ಜೇವರ್ಗಿ ತಾಲೂಕು.

ಮುರ್ತುಜಾ ಏನು ಮಾಡಿದ ಅನ್ನೋದು ಅವನಿಗೇ ಗೊತ್ತು. ಆ ನೆಗೆಟಿವ್ ಅವ ಉಳಿಸಿರಲಿಕ್ಕಿಲ್ಲ ಅಂತ ನನ್ನ ಅಂದಾಜು. ಇದ್ದರೆ, ಹಿಂದಿನ ವರ್ಷ ಅಕ್ಟೋಬರಿನಾಗ ಅದೇ ಜಾಗ ತೆಗೆದ ನೆಗೆಟಿವ್ ಅದ, ಎರಡನ್ನೂ ಕೂಡಿಸಿ ನೋಡ್ರಿ. ನೋಡಿ ನನಗೆ ಬರೆಯಲೇಬೇಕು ಅಂತಿಲ್ಲ.

ವಾಮನ


ಆಳಂದ
15 ಮಾರ್ಚ್ 1989

ವಾಮನಭಾಯಿ,

ನೆಗೆಟಿವ್ ಅದ. ಉಳಿಸ್ಯಾರ.

ಎರಡನ್ನೂ ಗಾಜಿನ ಮ್ಯಾಲ ಇಟ್ಟು ಕೆಳಗ ದೀಪ ಹಚ್ಚಿದೆ. ಒಂದನ್ನ ಕೂದಲೆಳಿಯಷ್ಟು ಸರಿಸ್ತಾ ಸರಿಸ್ತಾ ಬಂದೆ. ಒಮ್ಮೆಲೇ ಎಲ್ಲಾ ಚುಕ್ಕಿ ತಮ್ಮ ತಮ್ಮ ಜೋಡಿ ಮ್ಯಾಲ ಕೂತುವು. ಒಂದೇ ಒಂದು ಕೂಡಲಿಲ್ಲ. ಬಾಲದ ಚುಕ್ಕಿಯ ಬಾಜೂಕ, ಕರೇದು, ಗುಂಡಗ. ಆಗಸ್ಟಿನದರಾಗ ಅದ, ಅಕ್ಟೋಬರಿನದರಾಗ ಇಲ್ಲ. ಪ್ರಿಂಟು ಹಾಕಿದೆ. ಟ್ರೇದಾಗ ಮೊದಲು ಬಂದದ್ದೇ ಅದು, ಉಳಿದವು ಆಮ್ಯಾಲ ಬಂದುವು.

ನೀವು ಸುಳ್ಳಾಡಿಲ್ಲ. ಇದನ್ನ ಮೊದಲು ಬರೀಬೇಕಂತ ಬರದೇನಿ. ಈಗ ಉಳಿದದ್ದು ಬರೀತೇನಿ. ನಾಕು ದಿನದಿಂದ ಪೆನ್ನು ಹಿಡಿದು ಇಡಾಕತ್ತೇನಿ.

ಆವಾಗ ಪ್ರಿಂಟಿನ ಟಚಿಂಗ್ ಎಲ್ಲಾ ನಂದೇ ಕೆಲಸ. ಸಣ್ಣ ಬ್ರಷ್ಷು, ಕರೀ ಬಣ್ಣ. ನೆಗೆಟಿವ್ ಮ್ಯಾಲ ಧೂಳು ಕುಂತರ ಪ್ರಿಂಟಿನಾಗ ಬಿಳೀ ಚುಕ್ಕಿ ಆಗ್ತದ, ಅದನ್ನ ಮುಚ್ಚೋದು. ಮಂದಿ ಮುಖದ ಮ್ಯಾಲ ಸರಳ. ನಿಮ್ಮ ಆಕಾಶದ ಫೋಟೋ ಅಂದರ ಎಲ್ಲಾ ಬಿಳೀ ಚುಕ್ಕಿನೇ, ಯಾವುದು ಧೂಳು, ಯಾವುದು ಖುದಾ ಇಟ್ಟಿದ್ದು? ಇವರನ್ನ ಕೇಳಿದ್ದೆ. ಇವರು ಹೇಳಿದ್ರು: "ಅದೇ ಜಾಗಾದ ಹಳೇ ಪ್ರಿಂಟು ಮುಂದ ಇಟ್ಟುಕೋ. ಅದರಾಗ ಇಲ್ಲದ ಚುಕ್ಕಿ ಕಂಡರ ಧೂಳು ಅಂತ ತಿಳಿ. ಮುಚ್ಚಿಬಿಡು."

ರಂಜಾನ್ ಹಿಡಿಯೋ ಮುಂಚಿನ ವಾರ. ಇವರು ಪ್ರಿಂಟು ಆರಾಕ ಹಾಕಿ, ನಿಂಬರ್ಗಾದಾಗ ಮೂರು ದಿನದ ಮದಿವಿ ಹಿಡಿದಿದ್ರು, ಅಲ್ಲಿಗೆ ಹೋದ್ರು. "ಟಚಿಂಗ್ ಮಾಡಿ ಮಂಗಳವಾರ ಅತನೂರ ಬಸ್ಸಿಗೆ ಕೊಡು, ಮಾಸ್ತರು ಕಾಯಾಕತ್ತಾರ" ಅಂದ್ರು. ಹೋಗುವಾಗ ಭಾಳ ಖುಷಿ ಇದ್ರು. ಯಾಕ ಅಂತ ಕೇಳಿದೆ. ನಿನಗ ಆಮ್ಯಾಲ ಹೇಳ್ತೇನಿ ಅಂದ್ರು.

ಮಧ್ಯಾಹ್ನ ಅಂಗಳದಾಗ ಕುಂತು, ಅಕ್ಟೋಬರಿನ ಪ್ರಿಂಟು ಗ್ವಾಡಿಗೆ ಆನಿಸಿಟ್ಟು ಮಾಡಿದೆ. ಸಣ್ಣು ಸಣ್ಣು ಹತ್ತಾರು ಇದ್ದುವು. ಒಂದು ದೊಡ್ಡದು. ಇಷ್ಟು ದೊಡ್ಡ ಧೂಳು ಹ್ಯಾಂಗ ಬಿಟ್ರು ಇವರು ಅಂತ ನಕ್ಕೆ ನಾನು. ಒಂದು ಸಲ ಹಚ್ಚಿದರ ಮುಚ್ಚಲಿಲ್ಲ. ಮೂರು ಸಲ ಹಚ್ಚಬೇಕಾತು. ಎಷ್ಟು ಚಂದ ಮುಚ್ಚಿದೆ ಅಂದರ, ಅಲ್ಲಿ ಏನಾರ ಇತ್ತು ಅಂತ ಯಾರಿಗೂ ತಿಳೀಬಾರದು ಹಂಗ. ಆಮ್ಯಾಲ ಲಕೋಟಿಗೆ ಹಾಕಿ ಮುದ್ರಿ ಒತ್ತಿ ಕೊಟ್ಟು ಕಳಿಸಿದೆ. ಟಚಿಂಗ್ ಆದ ಪ್ರಿಂಟು ಇವರು ನೋಡೇ ಇಲ್ಲ.

ಕೈ ನಂದು ಮಾಸ್ತರ. ಇವರದಲ್ಲ. ನಿಮ್ಮನ್ನ ನೂರು ಜನರ ಮುಂದ ಸುಳ್ಳುಗಾರ ಮಾಡಿದಾಕಿ ನಾನು. ನಿಮ್ಮಿಬ್ಬರನ್ನ ಅಗಲಿಸಿದಾಕಿನೂ ನಾನು. ನಾನು ಏನು ಮಾಡೇನಿ ಅಂತ ಇವರು ನನ್ನ ಕೇಳಿದಾಗ ಅದರ ಜವಾಬು ನನ್ನ ಬೆರಳಿನಾಗ ಇತ್ತು. ನನಗ ಗೊತ್ತಿರಲಿಲ್ಲ.

ಇನ್ನೊಂದು. ಉಳಿದ ಮೂವತ್ತು ಕವರಿನ ಮ್ಯಾಲೂ ಇವರು "ವಾಮನ, ಮುರ್ತುಜಾ" ಅಂತ ಇಬ್ಬರ ಹೆಸರೂ ಬರದಾರ. ಈ ಆಗಸ್ಟಿನದರ ಮ್ಯಾಲ ಮಾತ್ರ ಹಿಂಗದ: "29-8-75. ಹೊಸ ಚುಕ್ಕಿ. ನೋಡಿದವ ವಾಮನ." ತಮ್ಮ ಹೆಸರು ಹಾಕಿಲ್ಲ. ಯಾಕ ಅಂತ ನನಗ ತಿಳೀಲಿಲ್ಲ.

ಹೊಸ ಪ್ರಿಂಟು ಇದರ ಸಂಗಾಟ ಕಳಿಸಾಕತ್ತೇನಿ. ಮಾಫಿ ಕೇಳಾಕ ಬಾಯಿ ಇಲ್ಲ.

ಖುರ್ಷಿದ


ಅಂದೋಲಾ
2 ಜುಲೈ 1989

ಖುರ್ಷಿದ ಅಕ್ಕಾ ಅವರಿಗೆ, ವಾಮನ ಮಾಸ್ತರ ಹೆಂಡತಿ ವತ್ಸಲಾಬಾಯಿ ಬರೆಯೋದು.

ನಾವು ಭೇಟಿ ಆಗಿಲ್ಲ. ನೀವು ಇವರಿಗೆ ಆಮೇಲೆ ಎರಡು ಕಾರ್ಡು ಬರದ್ರಿ, ಪತ್ರ ಮುಟ್ಟೇದೋ ಇಲ್ಲೋ ಅಂತ. ಮುಟ್ಟೇದ. ಇವರಿಗೆ ಹೇಳದೆ ನಾನು ಇದನ್ನ ಬರಿಯಾಕತ್ತೇನಿ.

ಮಾರ್ಚಿನಾಗ ನಿಮ್ಮ ಲಕೋಟೆ ಬಂದ ದಿನ ಇವರು ಪಡಸಾಲ್ಯಾಗ ಕುಂತು ಓದಿದರು. ಊಟಕ್ಕ ಏಳಲಿಲ್ಲ. ಮರುದಿನ ಸಾಲಿಗೆ ಹೋಗಿ ಬಂದು ಮತ್ತ ಓದಿದರು. ಮೇ ತಿಂಗಳಾಗ ರಿಟೈರ್ ಆದರು. ಸಾಲಿಯವರು ಹಾರ ಹಾಕಿ ಮಾತಾಡ್ರಿ ಅಂದರ, ಎದ್ದು ನಿಂತು ಕೈ ಮುಗಿದು ಕುಂತುಬಿಟ್ಟರು. ನಿಮ್ಮ ಮೇಲೆ ಸಿಟ್ಟಂತ ತಿಳೀಬ್ಯಾಡ್ರಿ. ಸಿಟ್ಟಿನ ಮುಖ ನನಗ ಗೊತ್ತದ. ಇದು ಅದಲ್ಲ.

ನಿಮಗ ಒಂದು ತಿಳಿದಿರಲಿ ಅಂತ ಹೇಳ್ತೇನಿ. ನಾಕು ವರ್ಷದ ಕೆಳಗ, ಅತನೂರಿನ ಚಂದ್ರಾಮಪ್ಪನವರು ಬಂದು ಮುರ್ತುಜಾ ಹೋದರಂತ ಅಂದರು. ಇವರು ಧೋತರ ಉಟ್ಟುಕೊಂಡು ಆಗಿಂದಾಗ ಹೊರಟರು. ಕಲಬುರ್ಗಿ ಬಸ್ ಸ್ಟ್ಯಾಂಡಿನ ತನಕ ಹೋಗಿದ್ದರಂತ. ಆಳಂದದ ಬಸ್ಸು ಬಂತು, ಹೋಯ್ತು. ಇನ್ನೊಂದು ಬಂತು, ಹೋಯ್ತು. ಸಂಜಿಗೆ ವಾಪಸ್ ಬಂದರು. ಸ್ನಾನ ಮಾಡಿದರು.

ಜರಾ ತಾಳ್ರಿ. ಬರೀತಾರ.

ನಿಮ್ಮ
ವತ್ಸಲಾಬಾಯಿ


ಅಂದೋಲಾ
30 ಸೆಪ್ಟೆಂಬರ್ 1989

ಖುರ್ಷಿದ ಭಾಭಿ,

ಆರು ತಿಂಗಳು ತಡಾ ಮಾಡೇನಿ. ನೀವು ನಾಕು ದಿನದಾಗ ಬರೆದದ್ದನ್ನ ಬರಿಯಲಿಕ್ಕೆ ನನಗ ಆರು ತಿಂಗಳು ಹಿಡೀತು.

ಪ್ರಿಂಟಿನ ಮ್ಯಾಲ ಬಣ್ಣ ಇದ್ದದ್ದು ನನಗ ಗೊತ್ತಿತ್ತು.

ಜೇವರ್ಗಿಯಿಂದ ವಾಪಸ್ ಬರುವಾಗ ಬಸ್ಸಿನ ಕಿಟಕಿ ಬಾಜೂಕ ಕುಂತಿದ್ದೆ. ಇಳಿಬಿಸಲು. ಪ್ರಿಂಟು ಓರೆ ಹಿಡಿದೆ. ಕಾಗದ ಪೂರಾ ಹೊಳೀತಿತ್ತು, ಬಾಲದ ಚುಕ್ಕಿ ಬಾಜೂಕ ಸಾಸಿವಿ ಕಾಳಿನಷ್ಟು ಜಾಗಾ ಮಾತ್ರ ಹೊಳೀಲಿಲ್ಲ. ಬ್ರಷ್ಷಿನ ಗುರುತು. ಒದ್ದಿ ಹತ್ತಿ ತಗೊಂಡು ಒರಸಿದರ ಆ ಬಣ್ಣ ಬರ್ತದ, ಕೆಳಗ ಚುಕ್ಕಿ ಇರ್ತದ ಅಂತ ನನಗ ಮುರ್ತುಜಾನೇ ಒಮ್ಮೆ ಕಲಿಸಿದ್ದ. ಮರುದಿನ ಅದನ್ನ ಒರಸಿ ಸಾಲಿಯಾಗ ತೋರಿಸಬಹುದಿತ್ತು. ಎಲ್ಲಾರ ಬಾಯಿ ಮುಚ್ಚತಿತ್ತು. ನಾನು ಒರಸಲಿಲ್ಲ. ಮುರ್ತುಜಾ ಬೇಕಂತ ಮುಚ್ಚಿದ ಅಂತ ನಾನು ಅದೇ ಗಳಿಗ್ಯಾಗ ಠರಾಯಿಸಿಬಿಟ್ಟಿದ್ದೆ. ನನಗ ಚುಕ್ಕಿಗಿಂತ ಆ ಸಿಟ್ಟು ಹೆಚ್ಚು ಬೇಕಾಗಿತ್ತು. ಪ್ರಿಂಟು ಭೀಮಾ ನದಿ ಸೇತುವೆ ಮ್ಯಾಲಿಂದ ಕಿಟಕಿ ಹೊರಗ ಒಗೆದೆ.

ಅವ ಯಾಕ ಮುಚ್ಯಾನು? ಅದಕ್ಕೂ ನನ್ನ ಹತ್ತರ ಕಾರಣ ಇತ್ತು. ಆ 29ನೇ ತಾರೀಕು ಹೊಲದಿಂದ ವಾಪಸ್ ಬರುವಾಗ ಅವ ಅಂದ, "ವಾಮನ, ಪೇಪರಿಗೆ ಇಬ್ಬರ ಹೆಸರಿಂದ ಬರಿಯೋಣೇನು?" ಭಾಳ ಸಹಜ ಕೇಳಿದ. ನಾನು, "ಬೋಲ್ಟು ಯಾರಾರ ತಿರುವ್ತಾರ ಮುರ್ತುಜಾ, ನೋಡಿದವ ನಾನು" ಅಂದೆ. ಅವ ಸುಮ್ಮನಾದ. ಒಂದು ಫರ್ಲಾಂಗು ನಡೆದ ಮೇಲೆ, "ಹೌದು, ನೋಡಿದವ ನೀನೇ" ಅಂದ. ಆ ಸುಮ್ಮನಾದದ್ದು ನನ್ನ ತಲ್ಯಾಗ ಉಳೀತು. ಹೆಸರು ಕೊಡಲಿಲ್ಲ ಅಂತ ಹಗೆ ತೀರಿಸಿಕೊಂಡ ಅಂದುಕೊಂಡೆ. ನೀವು ಆ ಕವರಿನ ಮೇಲೆ ಏನು ಬರದದ ಅಂತ ಬರೆದಿರಲ್ಲ, ಯಾಕ ಅಂತ ತಿಳೀಲಿಲ್ಲ ಅಂದ್ರಿ. ಅದಕ್ಕ.

ಮತ್ತ ಇದು ಕಡೀದು. ಅವ ನಿಮಗ ಯಾಕ ಹೇಳಲಿಲ್ಲ? ಹೊಸ ಚುಕ್ಕಿ ಬಂದದ, ಅದನ್ನ ಮುಟ್ಟಬ್ಯಾಡ ಅಂತ ಒಂದು ಮಾತು ಹೇಳಿ ನಿಂಬರ್ಗಾಕ್ಕ ಹೋಗಿದ್ದರ ಇಷ್ಟೆಲ್ಲಾ ಆಗ್ತಿರಲಿಲ್ಲ. ಅವತ್ತು ಹೊಲದಾಗ ನಾನು ಅವನ ಕೈ ಹಿಡಿದು ಮಾತು ತಗೊಂಡಿದ್ದೆ. "ನಾನು ಹೇಳೋತನ ಯಾರಿಗೂ ಹೇಳಬ್ಯಾಡ. ಭಾಭಿಗೂ ಬ್ಯಾಡ." ಅವ ಮಾತು ಉಳಿಸಿಕೊಂಡ.

ಕೈ ನಿಮ್ಮದು ಅಂತ ಬರೆದಿರಿ. ನೀವು ಹೇಳಿದ ಕೆಲಸ ಹೇಳಿದಂಗ ಮಾಡಿದ್ರಿ, ಅಷ್ಟೇ. ಅವ ಬಾಗಿಲಿಗೆ ಬಂದಾಗ ಒಳಗ ಕುಂತು ಇಲ್ಲ ಅನಿಸಿದವ ನಾನು. ಹತ್ತು ವರ್ಷ ಅವ ಬದುಕಿದ್ದ ಭಾಭಿ. ಒಂದು ಸಲ ಕೇಳಿದ್ದರ ಸಾಕಿತ್ತು.

ನಿಮ್ಮ ಹೊಸ ಪ್ರಿಂಟು ನನ್ನ ಟ್ರಂಕಿನಾಗ ಅದ. ತೆಗೆದು ನೋಡೋ ಧೈರ್ಯ ದಿನಾ ಆಗೂದಿಲ್ಲ.

ಆಳಂದಕ್ಕ ಬರಬಹುದೇನು?

ವಾಮನ


ಆಳಂದ
17 ಜನವರಿ 1990

ಬೇಟಿ ಮುಮತಾಜ,

ನಿನ್ನ ಡ್ಯೂಟಿ ಬದಲಾತಂತ ಕಾರ್ಡು ಬಂತು. ಊಟಾ ಬಿಡಬ್ಯಾಡ. ನೀನು ಬಂದಿದ್ದರ ಛಲೋ ಇತ್ತು, ಯಾಕಂದರ ಮೊನ್ನಿ ಸಂಕ್ರಾಂತಿ ಮರುದಿನ ನಮ್ಮ ಮನಿಗೆ ವಾಮನ ಮಾಸ್ತರು ಬಂದಿದ್ರು. ನೀನು ಎಂಟು ವರ್ಷದಾಕಿ ಇದ್ದಾಗ ನಿನಗ ಸಪ್ತರ್ಷಿ ತೋರಿಸಿದವರು. ಹೆಂಡತಿ ವತ್ಸಲಾಬಾಯಿನೂ ಬಂದಿದ್ರು, ಕುಸರೆಳ್ಳು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಟ್ಟಿಕೊಂಡು.

ಭಾಳ ಮುದುಕರಾಗ್ಯಾರ. ಬಾಗಲದಾಗ ನಿಂತು ಚಪ್ಪಲಿ ಬಿಟ್ರು, ಒಳಗ ಬರಲಿಲ್ಲ. ನಾನು "ಬರ್ರಿ ವಾಮನಭಾಯಿ" ಅಂದೆ. "ಇದೇ ಬಾಗಲದಾಗ ಅವ ಬೀಡಿ ಸೇದ್ತಾ ನಿಲ್ಲತಿದ್ದ" ಅಂದ್ರು. ಹೌದ್ರಿ ಅಂದೆ. ಒಳಗ ಬಂದ್ರು.

ಡಾರ್ಕ್ ರೂಮಿಗೆ ಕರಕೊಂಡು ಹೋದೆ. ಕೆಂಪು ದೀಪ ಹಚ್ಚಿ, ಆಗಸ್ಟಿನ ನೆಗೆಟಿವ್ ಅವರ ಕೈಯಾಗ ಕೊಟ್ಟೆ. ನೀವೇ ಹಾಕ್ರಿ ಅಂದೆ. ಎನ್‌ಲಾರ್ಜರಿಗೆ ಹಾಕುವಾಗ ಎರಡು ಸಲ ತಪ್ಪಿತು. ನಾನು ಮುಟ್ಟಲಿಲ್ಲ. ಕಾಗದ ಟ್ರೇದಾಗ ಬಿಟ್ಟ ಮ್ಯಾಲ ಇಬ್ಬರೂ ಬಗ್ಗಿ ನಿಂತಿವಿ. ಚುಕ್ಕಿ ಬಂತು. ಅವರು ಬೆರಳು ಮಾಡಿ ತೋರಿಸಿದ್ರು, ನನಗ ಗೊತ್ತಿಲ್ಲೇನೋ ಅನ್ನೋಹಂಗ. ಆಮ್ಯಾಲ ಅಂದ್ರು:

"ಈಗ ಇದು ಅಲ್ಲಿ ಇಲ್ಲ ಭಾಭಿ. ನಾಕೈದು ದಿನ ಹೊಳೀತು, ಮಂದ ಆತು, ಕಣ್ಣಿಗೆ ಕಾಣೋದು ಬಿಟ್ಟಿತು. ನಾನು ಅವನ ಮ್ಯಾಲ ಸಿಟ್ಟು ಹಿಡಕೊಂಡು ಕುಂತಾಗ ಅದು ಹೋಗೇ ಬಿಟ್ಟಿತ್ತು."

ನಾನು, "ನೀವು ಮಾಫಿ ಕೇಳಾಕ ಬಂದೀರೇನು, ಕೊಡಾಕ ಬಂದೀರೇನು?" ಅಂದೆ. ಯಾಕ ಹಂಗ ಕೇಳಿದೆನೋ ಬೇಟಿ, ಬಾಯಿಗೆ ಬಂತು.

"ಗೊತ್ತಿಲ್ರಿ" ಅಂದ್ರು. "ನಿಮಗ?"

"ನನಗೂ ಗೊತ್ತಿಲ್ಲ" ಅಂದೆ. ಪ್ರಿಂಟು ಹೈಪೋದಾಗ ಹಾಕಿದಿವಿ.

ಮಧ್ಯಾಹ್ನ ಆದ ಮ್ಯಾಲ ಖಬರಸ್ತಾನಕ್ಕ ಹೋಗಬೇಕಂದ್ರು. ನಾನು, ವತ್ಸಲಾಬಾಯಿ ಗೇಟಿನ ಹತ್ತರ ಬೇವಿನ ಗಿಡದ ಕೆಳಗ ನಿಂತಿವಿ. ಬೇಲಿ ಬಾಜೂಕ ಮೂರನೇದು ಅಂತ ಹೇಳಿ ಕಳಿಸಿದೆ. ಹೋಗಿ ಮಣ್ಣಾಗ ಕುಂತುಬಿಟ್ರು, ಧೋತರ ಹೊಲಸಾಗ್ತದ ಅಂತನೂ ನೋಡಲಿಲ್ಲ. ಏನೋ ಮಾತಾಡಾಕತ್ತಿದ್ರು. ನಮಗ ಕೇಳಿಸಲಿಲ್ಲ. ಕೈ ಮಾತ್ರ ಕಾಣಾಕತ್ತಿತ್ತು, ಸಾಲ್ಯಾಗ ಹುಡುಗರಿಗೆ ಹೇಳಿಕೊಡುವಾಗ ಆಡಿಸ್ತಾರಲ್ಲ, ಹಂಗ ಆಡಸಾಕತ್ತಿದ್ರು. ಆಮ್ಯಾಲ ಕೈ ನಿಂತುವು. ವತ್ಸಲಾಬಾಯಿ ನನ್ನ ಕೈ ಹಿಡಕೊಂಡ್ರು. "ಈ ಮನುಷ್ಯಾ ನಮ್ಮ ಮನಿಯಾಗ ಹದಿನಾಕು ವರ್ಷ ಇಷ್ಟು ಮಾತಾಡಿಲ್ಲ ಅಕ್ಕಾ" ಅಂದ್ರು.

ಇಳಿಹೊತ್ತಿನ ಅಸರ್ ಅಜಾನ್ ಆತು. ಅದಾದ ಮ್ಯಾಲೂ ಭಾಳ ಹೊತ್ತು ಕುಂತರು. ಎದ್ದು ಬಂದಾಗ ಕಣ್ಣು ಕೆಂಪಿದ್ದುವು, ಮುಖ ಹಗುರಿತ್ತು ಅಂತ ಹೇಳಲಾರೆ. ಹಂಗೇನೂ ಇರಲಿಲ್ಲ. ದಣದಿದ್ರು.

ಮನಿಗೆ ಬಂದು ಚಹಾ ಕುಡದ್ರು. ನಾನು ಝೆರಾಕ್ಸ್ ಮಶೀನಿನ ಸುದ್ದಿ ತೆಗೆದೆ. ಅದನ್ನ ಪಡಸಾಲ್ಯಾಗ ಇಡೋಣು ಬೇಟಿ, ಡಾರ್ಕ್ ರೂಮು ಹಂಗೇ ಇರಲಿ. ಇನ್ನೂ ಇಪ್ಪತ್ತು ನೆಗೆಟಿವ್ ತೊಳೆಯೋದದ. ಮಾಸ್ತರು ಅವುಗಳ ತಾರೀಕು, ಜಾಗಾ ಎಲ್ಲಾ ನನ್ನ ಪಟ್ಟೀ ಮ್ಯಾಲ ಬರಕೊಟ್ರು. ಒಂದೊಂದಕ್ಕೂ ಇಬ್ಬರ ಹೆಸರು ಬರದ್ರು. ಆಗಸ್ಟಿನದಕ್ಕ ಬಂದಾಗ ಪೆನ್ನು ನಿಂತಿತು. "ಇದಕ್ಕೂ ಬರೀತೇನಿ, ಅವ ಬ್ಯಾಡ ಅಂದಾನೇನು?" ಅಂದ್ರು. ನಾನು ಪಟ್ಟೀ ಅವರ ಕಡೆ ಸರಿಸಿದೆ. ಬರದ್ರು.

ಆಮ್ಯಾಲ ಚೀಲ ತಗೊಂಡು ಎದ್ದು, "ಕಲಬುರ್ಗಿಗೆ ಮುಂದಿನ ಬಸ್ಸು ಎಷ್ಟಕ್ಕ ಅದ?" ಅಂತ ಕೇಳಿದ್ರು.

ಆರೂವರಿಗೆ ಇತ್ತು. ದಿನಾ ಇರ್ತದ, ನಿನಗೂ ಗೊತ್ತದ.

"ಇವತ್ತ ಇನ್ನ ಬಸ್ಸಿಲ್ರಿ" ಅಂದೆ.

ಮಾಸ್ತರು ವತ್ಸಲಾಬಾಯಿ ಕಡೆ ನೋಡಿದ್ರು. ಮುಂಜಾನೆ ಇಳಿಯುವಾಗಲೇ ಆ ಬಾಯಿ ವಾಪಸ್ ಬಸ್ಸಿನ ಹೊತ್ತು ಕಂಡಕ್ಟರನ್ನ ಕೇಳಿಕೊಂಡಿದ್ರಂತ, ನನಗ ಮರುದಿನ ಹೇಳಿದ್ರು.

"ಇಲ್ಲಂತ್ರಿ" ಅಂದ್ರು ಗಂಡನಿಗೆ. "ನಾನೂ ಕೇಳೇನಿ." ಚೀಲ ಅವರ ಕೈಯಿಂದ ತಗೊಂಡು ಗ್ವಾಡಿಗೆ ಇಟ್ಟು, ಸೆರಗು ಸಿಗಿಸಿಕೊಂಡು ನನ್ನ ಸಂಗಾಟ ಒಲಿ ಮುಂದ ಬಂದು ಕುಂತ್ರು.

ನಿನ್ನ
ಅಮ್ಮೀ